ಬೇಲಿ ದಾಟಿ ಬಂದವರು ಮತ್ತು ಅಕ್ಕ

ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ನನ್ನ ಮದುವೆಯಾಯಿತು. ಮದ್ದೂರಿನಲ್ಲಿ ಹುಟ್ಟಿ ಬೆಳೆದ ನಾನು ಕೆರಗೋಡಿನ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಅತ್ತೆ ಮಾವ ಆಗಲೇ ತೀರಿಹೋಗಿದ್ದರು. ಅತ್ತೆಯ ಕಾಟವಿಲ್ಲದ ಮನೆ ಎಂದು ನಮ್ಮವ್ವ ಬೀಗುತ್ತಾ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಆ ಮನೆಯಲ್ಲಿ ಗಂಡನ ಅಕ್ಕ ಇದ್ದಾಳೆ ಎಂಬುದನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅಕ್ಕನನ್ನು ಮಳವಳ್ಳಿಗೆ ಕೊಟ್ಟಿದ್ದರಂತೆ. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಆಗಿನ್ನೂ ಚಿಕ್ಕವನಾಗಿದ್ದ ತಮ್ಮನನ್ನು ತಾನೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ನಾನು ಅವಳನ್ನು ಅತ್ತಿಗೆ ಎನ್ನಬೇಕಿತ್ತು. ಆದರೆ ಮನೆಯ ಆಳುಗಳಿಂದ ಹಿಡಿದು ಊರಿನ ಮುದುಕರವರೆಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು, ನನಗೂ ಅವಳು ಅಕ್ಕನೇ ಆದಳು. ನನ್ನ ಯಜಮಾನರು ಹೊಲದಿಂದ ಬಂದವರು ಮೊದಲು ಕೇಳುತ್ತಿದ್ದ ಮಾತು, "ಅಕ್ಕ ಎಲ್ಲೋದ್ಲು?" ಎಂದು. ಚೆಂಬಿನಲ್ಲಿ ನೀರು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದವಳು ನಾನು.

ನಮ್ಮ ಕಬ್ಬಿನ ಗದ್ದೆ ನಾಲೆಯ ಪಕ್ಕದಲ್ಲಿತ್ತು. ನಾಲೆ ಬಂದು ಹೆಚ್ಚು ವರ್ಷ ಆಗಿರಲಿಲ್ಲ. ಮೊದಲು ರಾಗಿ, ಹುರುಳಿ ಬೆಳೆಯುತ್ತಿದ್ದ ಬಯಲು ಅದು. ಆಗ ಸುತ್ತಲ ಊರಿನವರು ಹೊಲದ ಮೇಲೇ ಅಡ್ಡ ಹಾದು ಓಡಾಡುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ನೀರು ಬಂತು, ಕಬ್ಬು ಬಂತು, ಮಂಡ್ಯದ ಕಾರ್ಖಾನೆಗೆ ಗಾಡಿಗಳು ಹೊರಟವು. ಎಲ್ಲರೂ ಬೇಲಿ ಹಾಕಿದರು. ಬೇಲಿ ಹಾಕಿದ ಮಾತ್ರಕ್ಕೆ ಜನ ಹಳೆಯ ದಾರಿ ಮರೆಯುತ್ತಾರೆಯೇ? ಮುಳ್ಳು ಸರಿಸಿ ನುಗ್ಗುತ್ತಿದ್ದರು. ಹುಲ್ಲು ಕೊಯ್ಯುವ ಹೆಂಗಸರು, ದನ ಅಟ್ಟಿಕೊಂಡು ಬರುವವರು, ಮಂಡ್ಯಕ್ಕೆ ಹೋಗುವ ಅವಸರದವರು. ಬರುವಾಗ ಬರಿಗೈ, ಹೋಗುವಾಗ ಬಾಯಲ್ಲಿ ಕಬ್ಬು.

ಇವರನ್ನು ನಿಭಾಯಿಸುವುದು ಅಕ್ಕನ ಕೆಲಸವಾಗಿತ್ತು. ಅವಳು ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಬ್ಬಿನೊಳಗೆ ಸರಬರ ಸದ್ದಾದರೆ ಅವಳು ಒಳಗೆ ಕಾಲಿಡುತ್ತಿರಲಿಲ್ಲ. ಬದುವಿನ ಮೇಲೆ ನಿಂತು, ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟು, ಮನೆಗೆ ಬಂದ ನೆಂಟರನ್ನು ಕೂಗುವಂತೆ ಕೂಗುತ್ತಿದ್ದಳು. "ಯಾರಪ್ಪಾ ಅದು? ಯಾವೂರು? ಈಚೆಗ್ ಬಾ ಮಗ, ಒಳ್ಗೆ ಆವು ಅವೆ." ಬಂದವನು ತಲೆ ತಗ್ಗಿಸಿಕೊಂಡು ಹೊರಗೆ ಬರುತ್ತಿದ್ದ. ಅವನ ಊರು, ಅವನ ಅಪ್ಪ, ಅವನ ಅಪ್ಪನ ನೆಂಟಸ್ತಿಕೆ ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿರುತ್ತಿತ್ತು. ಆಮೇಲೆ, "ಬೇಕಾದ್ರೆ ಕೇಳಿ ಇಸ್ಕೊ, ನುಗ್ ಬ್ಯಾಡ" ಎಂದು ಒಂದು ಜಲ್ಲೆ ಕೊಟ್ಟು ಕಳಿಸುತ್ತಿದ್ದಳು. ಅಂಥವನು ಮತ್ತೆ ನುಗ್ಗಿದ್ದನ್ನು ನಾನು ನೋಡಲಿಲ್ಲ.

ನಾನೂ ಮಾಡಿ ನೋಡಿದೆ. ಮದ್ದೂರಿನಿಂದ ಬಳೆಯ ಮಲಾರ ಹೊತ್ತು ಬರುತ್ತಿದ್ದ ಸಾಬರೊಬ್ಬರು ಒಂದು ದಿನ ಬೇಲಿ ಸರಿಸಿ ಒಳಗೆ ಬಂದರು. ಯಾರೆಂದು ಸರಿಯಾಗಿ ನೋಡದೆ, "ಯಾವನ್ಲಾ ಅವ್ನು, ಕಾಲ್ ಮುರೀತೀನಿ" ಎಂದು ಕೂಗಿಬಿಟ್ಟೆ. ವಯಸ್ಸಾದ ಮನುಷ್ಯ. ಮಲಾರ ಹೊತ್ತವರು ಅಲ್ಲೇ ನಿಂತುಬಿಟ್ಟರು. "ಬಳೆ ಒಡೀತವೆ ಅಂತ ಗುಂಡಿ ದಾರಿ ಬುಟ್ಟು ಇಲ್ಲಿ ಬಂದೆ ತಾಯಿ" ಎಂದರು. ಅಷ್ಟರಲ್ಲಿ ಅಕ್ಕ ಬಂದಳು. "ಬನ್ನಿ ಸಾಬ್ರೆ, ಈ ಕಡೆಯಿಂದ ಬನ್ನಿ, ನಮ್ಮುಡ್ಗಿ ಒಸಬ್ಳು" ಎಂದು ಅವರನ್ನು ಬದುವಿನ ಮೇಲೆ ಕರೆದುಕೊಂಡು ಹೋದಳು. ನಾನು ಬಂದು ವರ್ಷ ಕಳೆದಿತ್ತು. ಅವಳ ಬಾಯಲ್ಲಿ ಇನ್ನೂ ಹೊಸಬಳು!

ಅಂದಿನಿಂದ ಆ ಸಾಬರು ನಮ್ಮ ಹಟ್ಟಿಯ ಮುಂದೆ ಮಲಾರ ಇಳಿಸಿದರೆ ಮೊದಲು ಕೇಳುತ್ತಿದ್ದದ್ದು ಅಕ್ಕನನ್ನೇ. ಅಕ್ಕನ ಕೈಯಲ್ಲಿ ಬಳೆಯಿಲ್ಲ, ತೊಡುವಂತೆಯೂ ಇಲ್ಲ. ಆದರೂ, "ಅಕ್ಕಾರು ಚಂದಾಗವ್ರಾ?" ಎಂದು ಅವರು ಒಳಗೆ ಇಣುಕಿ ನೋಡುತ್ತಿದ್ದರು. ಬಳೆ ತೊಡಲು ಕೈ ಚಾಚಿ ಕುಳಿತ ನನ್ನನ್ನು ಒಂದು ಮಾತು ಕೇಳುತ್ತಿರಲಿಲ್ಲ. ಬಳೆಗಾರನ ಒಂದು ಮಾತಿಗಾಗಿ ಬಳೆಯಿಲ್ಲದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವವಳು ನಾನೊಬ್ಬಳೇ ಇರಬೇಕು ಎಂದು ಆಗಲೇ ಅನ್ನಿಸಿತ್ತು. ಅನ್ನಿಸಿದರೂ ಕಿಚ್ಚು ಆರಲಿಲ್ಲ.

ನಮ್ಮ ಪಕ್ಕದ ಗದ್ದೆಯವನು ಕಬ್ಬು ಕದಿಯುವವರನ್ನು ಹಿಡಿಯಲು ಗುಂಡಿ ತೋಡಿ, ಬಿದಿರಿನ ಚೂಪು ಗೂಟ ನೆಟ್ಟು, ಮೇಲೆ ಒಣಗರಿ ಹರಡಿದ. ಅಕ್ಕ ಹೋಗಿ, "ಬ್ಯಾಡ ಕಣಪ್ಪ, ಗುಂಡಿಗೆ ಕಳ್ಳ ಯಾರು, ಒಡೇರು ಯಾರು ಅಂತ ಗೊತ್ತಾಗಾಕಿಲ್ಲ. ಕಬ್ಬು ಓದ್ರೆ ಮತ್ತೆ ಬೆಳೀತದೆ, ಯಾರ್ದಾರಾ ಕಾಲು ಓದ್ರೆ?" ಎಂದು ಬುದ್ಧಿ ಹೇಳಿದಳು. ಅವನು ಕೇಳಲಿಲ್ಲ. ಎಂಟು ದಿನ ಹೋಗುವುದರೊಳಗೆ ಅವನ ಸ್ವಂತ ಎತ್ತೇ ಅದರಲ್ಲಿ ಬಿತ್ತು. ಊರಿನವರೆಲ್ಲ ಹಗ್ಗ ಹಾಕಿ ಮೇಲೆತ್ತಿದರು. ಎತ್ತಿನ ಮುಂಗಾಲು ಮುರಿದಿತ್ತು. ಅಯ್ಯೋ ಎನ್ನಿಸಬೇಕಾದ ಹೊತ್ತು ಅದು, ಅನ್ನಿಸಿತು ಕೂಡ. ಅದರ ಜೊತೆಗೇ, ಈಗ ಎಲ್ಲರೂ "ಅಕ್ಕ ಆವತ್ತೇ ಏಳಿದ್ಲು" ಎಂದು ಶುರು ಮಾಡುತ್ತಾರಲ್ಲ ಎಂದೂ ಅನ್ನಿಸಿತು. ಶುರು ಮಾಡಿದರು. ನನ್ನ ಯಜಮಾನರೇ ಮೊದಲು.

ಯುದ್ಧ ಬಲವಾಗಿ ನಡೆಯುತ್ತಿದ್ದ ಕಾಲ. ಅಂಗಡಿಯಲ್ಲಿ ಅಕ್ಕಿಯಿಲ್ಲ, ಸೀಮೆಎಣ್ಣೆಯಿಲ್ಲ. ಕೂಲಿ ಹುಡುಕಿಕೊಂಡು ಜನ ಊರಿಂದೂರಿಗೆ ಅಲೆಯುತ್ತಿದ್ದರು. ಗದ್ದೆಗೆ ನುಗ್ಗುವವರಲ್ಲಿ ಗುರುತಿನವರಿಗಿಂತ ಗುರುತಿಲ್ಲದವರೇ ಹೆಚ್ಚಾದರು. ಅಂಥ ಒಂದು ವರ್ಷ, ಸಂಕ್ರಾಂತಿ ಕಳೆದ ಮೇಲೆ, ಅಕ್ಕ ಮಳವಳ್ಳಿಗೆ ಮೈದುನನ ಮಗಳ ಮದುವೆಗೆ ಹೊರಟಳು. ಅವಳ ಗಾಡಿ ಊರ ಮುಂದಿನ ಹುಣಸೆಮರ ದಾಟುವವರೆಗೂ ನಾನು ನಿಂತು ನೋಡಿದೆ. ಅದು ಪ್ರೀತಿಯಿಂದ ಎಂದು ಯಜಮಾನರು ತಿಳಿದರು. ಹೋದಳಲ್ಲ ಎಂದು ನೋಡುತ್ತಿದ್ದೆ.

ಅದಾಗಿ ಎರಡು ಮೂರು ದಿನಕ್ಕೆ, ಮಧ್ಯಾಹ್ನದ ಹೊತ್ತು, ಹುಲ್ಲಿಗೆ ಹೋಗಿದ್ದ ಹೆಂಗಸೊಬ್ಬಳು ಓಡಿಬಂದಳು. "ಅಮ್ಮಯ್ಯಾ, ಕಬ್ಬಿನೊಳ್ಗೆ ಒಗೆ ಏಳ್ತಾ ಅದೆ! ಯಾರೋ ಗಂಡಸ್ರು ಮಾತಾಡೋದು ಕೇಳಸ್ತು."

ಕಟಾವಿಗೆ ಬಂದ ಕಬ್ಬು. ಬುಡದಲ್ಲಿ ಒಣಗರಿ ಮೊಣಕಾಲುದ್ದ ಬಿದ್ದಿತ್ತು. ಒಂದು ಕಿಡಿ ಸಾಕು, ನಮ್ಮದಷ್ಟೇ ಅಲ್ಲ, ಸಾಲು ಗದ್ದೆಗಳೆಲ್ಲ ಬೂದಿ. ಯಜಮಾನರು ಮಚ್ಚು ಎಳೆದುಕೊಂಡು ಓಡಿದರು. ಹಿಂದೆ ಇಬ್ಬರು ಆಳುಗಳು. ನಾನು ಸೆರಗು ಬಿಗಿದುಕೊಂಡು ಹಿಂದೆಯೇ ಓಡಿದೆ.

ಗದ್ದೆಯ ನಡುವಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. "ನೀವಿಬ್ರೂ ನಾಲೆ ಕಡೆ ನಿಂತ್ಕಳ್ರಲಾ, ಒಬ್ನೂ ತಪ್ಪುಸ್ಕೊಬಾರ್ದು, ನಾನ್ ಈ ಕಡೆಯಿಂದ ನುಗ್ತೀನಿ" ಎಂದು ಯಜಮಾನರು ಆಳುಗಳಿಗೆ ಹೇಳುತ್ತಿದ್ದರು. ನಾನು ಹೋಗಿ ಅವರ ಮುಂದೆ ನಿಂತೆ.

"ಒಳಿಕ್ಕೆ ಓಗ್ಬ್ಯಾಡಿ. ಅಲ್ಲಿ ಮಾರುದ್ದ ಕಣ್ಣಿಗ್ ಕಾಣಾಕಿಲ್ಲ. ಅವ್ರ ಕೈಲೂ ಕುಡ್ಲು ಇರ್ತದೆ. ನಾಲೆ ಕಡೆ ಯಾರೂ ನಿಂತ್ಕಬ್ಯಾಡಿ, ಅವ್ರು ಓಗಾಕೆ ಅದೊಂದು ದಾರಿ ಇರ್ಲಿ."

"ದಾರಿ ಬುಡೋದಾ? ಗದ್ದೆ ಸುಡೋರ್ಗೆ ದಾರಿ ಬುಡೋದಾ ಅಮ್ಮಿ?"

"ಅವ್ರು ಓಗೋದು ಮುಖ್ಯವಾ, ಬೆಂಕಿ ಆರೋದು ಮುಖ್ಯವಾ? ಸುತ್ತ ಕಟ್ಟಾಕುದ್ರೆ ಬೆಂಕಿ ಯಾರ್ ಆರುಸ್ತಾರೆ?"

ಮಾತು ನನ್ನ ಬಾಯಿಂದ ಬರುತ್ತಿತ್ತು. ಆದರೆ ಅದು ಅಕ್ಕನ ನಡವಳಿಕೆ ಎಂದು ನನಗೇ ಗೊತ್ತಿತ್ತು. ಅಷ್ಟು ಆತಂಕದಲ್ಲೂ ಅದು ನನ್ನನ್ನು ಚುಚ್ಚಿತು. ಒಂದಾದರೂ ನನ್ನದೇ ಇರಲಿ ಎಂದುಕೊಂಡೆನೋ ಏನೋ, ನಾನು ಅವರ ಊರು ಕೇಳಲಿಲ್ಲ. ಪರಸ್ಥಳದವರು, ಅದೂ ತಪ್ಪು ಮಾಡಿ ಸಿಕ್ಕಿಬಿದ್ದವರು, ಊರು ಯಾವುದು ಎಂದರೆ ಇನ್ನಷ್ಟು ಹೆದರುತ್ತಾರೆ ಎನ್ನಿಸಿತು. ಸುದ್ದಿ ಕೇಳಿ ಕೊಡ ಹಿಡಿದು ಓಡಿಬಂದಿದ್ದ ಹೆಂಗಸರಿಗೆ ನಾಲೆಯಿಂದ ನೀರು ತಂದು ಗಾಳಿ ಬೀಸುವ ಕಡೆಯ ಬದುವಿನ ಮೇಲೆ ಸಾಲಾಗಿ ನಿಲ್ಲಲು ಹೇಳಿದೆ. ಯಜಮಾನರಿಗೆ, "ಮಚ್ಚು ಇಂದಕ್ ಇಡ್ಕಳಿ, ಕಾಣ್ಬಾರ್ದು" ಎಂದೆ. ಆಮೇಲೆ ಉಸಿರು ಎಳೆದುಕೊಂಡು ಕೂಗಿದೆ.

"ಒಳ್ಗಿರೋರು ಕೇಳ್ರಪ್ಪಾ! ಕಬ್ಬು ತಿಂದಿದ್ದು ನಾವ್ ಕೇಳಾಕಿಲ್ಲ. ಯಾರು ಎತ್ತ ಅಂತಲೂ ಕೇಳಾಕಿಲ್ಲ. ಮೊದ್ಲು ಬೆಂಕಿ ಮೇಲೆ ಮಣ್ಣಾಕಿ! ನಾಲೆ ಕಡೆ ಯಾರೂ ನಿಂತಿಲ್ಲ, ಅಂಗೇ ಒಂಟೋಗಿ!"

ಒಳಗೆ ಮಾತು ನಿಂತಿತು. ಸ್ವಲ್ಪ ಹೊತ್ತು ಒಣಗರಿ ತುಳಿಯುವ ಸದ್ದು, ಬೆಂಕಿ ಬಡಿಯುವ ಸದ್ದು. ಹೊಗೆ ಕಡಿಮೆಯಾಗುವ ಬದಲು ಒಮ್ಮೆ ದಟ್ಟವಾಗಿ ಎದ್ದಿತು. ಅವರು ನಾಲೆ ಕಡೆಗೆ ಹೋಗಲಿಲ್ಲ. ಹೊಗೆಯಲ್ಲಿ ದಿಕ್ಕು ತಪ್ಪಿ ನೇರ ನನ್ನ ಮುಂದೆಯೇ ಕಬ್ಬು ಸೀಳಿಕೊಂಡು ಬಂದರು. ಮೂವರು. ಮುಂದೆ ಇದ್ದವನ ಕೈಯಲ್ಲಿ ಕುಡುಗೋಲು. ಕಣ್ಣು ಕೆಂಪಗೆ, ಗಡ್ಡ ಬೆಳೆದು, ಮೈಮೇಲೆ ಹರಕು ಅಂಗಿ. ನನ್ನನ್ನು ಕಂಡು ಅವನೂ ಬೆಚ್ಚಿದ. ಕುಡುಗೋಲು ಮೇಲೆ ಹೋಯಿತು. ನನ್ನ ಹಿಂದೆ ಯಜಮಾನರು ಒಂದು ಹೆಜ್ಜೆ ಮುಂದಿಟ್ಟದ್ದು ಕೇಳಿಸಿತು.

ನಾನು ಬದುವಿನಿಂದ ಕೆಳಗೆ ಇಳಿದು ಪಕ್ಕಕ್ಕೆ ಸರಿದೆ. ಎರಡೂ ಕೈ ಬಿಚ್ಚಿ ತೋರಿಸಿದೆ. "ಓಗಣ್ಣ, ಅಂಗೇ ಬದು ಇಡ್ಕಂಡು ಓಗು. ಯಾರೂ ಮುಟ್ಟಾಕಿಲ್ಲ" ಎಂದೆ. ಹೆಂಗಸರೂ ನೀರಿನ ಕೊಡಗಳೊಂದಿಗೆ ಅತ್ತಿತ್ತ ಸರಿದು ದಾರಿ ಬಿಟ್ಟರು.

ಅವನ ಕೈ ನಿಧಾನವಾಗಿ ಕೆಳಗೆ ಬಂತು. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು. ಬರಿಗೈಯಲ್ಲಿ ಬೆಂಕಿ ಬಡಿದಿದ್ದನೆಂದು ಕಾಣುತ್ತದೆ.

"ಅವ್ರೆಕಾಯಿ ಸುಡಾವ ಅಂತ ಕಡ್ಡಿ ಗೀರ್ದೊ ಅಕ್ಕಾ. ನೆನ್ನೆಯಿಂದ ಏನೂ ತಿಂದಿರ್ನಿಲ್ಲ. ತಪ್ಪಾಯ್ತು ಬುಡಕ್ಕಾ" ಎಂದ.

ಅವರು ಬದು ಹಿಡಿದು ಹೋದರು, ಹಿಂತಿರುಗಿ ನೋಡುತ್ತಾ, ಆಮೇಲೆ ನೋಡದೆ. ಹೆಂಗಸರು ಕೊಡ ಹಿಡಿದು ಒಳಗೆ ನುಗ್ಗಿದರು, ಆಳುಗಳು ಹಸಿ ಸೊಪ್ಪಿನಿಂದ ಬಡಿದರು. ಒಂದು ಒಕ್ಕಣೆ ಕಣದಷ್ಟು ಜಾಗ ಸುಟ್ಟಿತ್ತು, ಅಷ್ಟೇ. ಸುಟ್ಟು ಕಪ್ಪಾದ ನೆಲದಲ್ಲಿ ಅವರು ಅವರೆಕಾಯಿ ಬಿಟ್ಟು ಹೋಗಿದ್ದರು. ಕೆಲವು ಬೆಂದಿದ್ದವು, ಕೆಲವು ಹಸಿ.

ನನ್ನ ಕಿವಿಯಲ್ಲಿ ಒಂದೇ ಮಾತು ಉಳಿದಿತ್ತು. ಅವನು ನನ್ನನ್ನು ಅಕ್ಕಾ ಎಂದಿದ್ದ. ಯಾವ ಹೆಂಗಸನ್ನಾದರೂ ಹಾಗೆಯೇ ಕರೆಯುತ್ತಾರೆ, ಗೊತ್ತು. ಆದರೂ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಆ ಮಾತು ಕೇಳಿಸಿಕೊಂಡದ್ದು ನನಗೆ ಅದೇ ಮೊದಲು. ಮೈ ಹಗುರವಾಯಿತು. ಯಜಮಾನರು ಬಂದು ಪಕ್ಕದಲ್ಲಿ ನಿಂತರು. ಮಚ್ಚು ನೆಲಕ್ಕೆ ಹಾಕಿ ಮುಖ ಒರೆಸಿಕೊಂಡರು. ಏನು ಹೇಳುತ್ತಾರೋ ಎಂದು ನಾನು ಕಾದೆ.

"ಅಲ್ಲಾ ಕಣಮ್ಮಿ," ಎಂದರು, "ಥೇಟ್ ಅಕ್ಕನಂಗೇ ಮಾಡ್ಬುಟ್ಟೆ."

ಅವರು ಮೆಚ್ಚಿಯೇ ಹೇಳಿದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ. ನಾನು ಕೊಡ ಎತ್ತಿಕೊಂಡು ಮನೆಗೆ ಬಂದೆ. ಅಂದು ಸಾಯಂಕಾಲ ಮುದ್ದೆ ತಿರುಗಿಸುವಾಗ ಕೋಲು ಮುರಿಯಿತು.

ಅಕ್ಕ ಬಂದಳು. ಗಾಡಿ ಇಳಿಯುವ ಮೊದಲೇ ಊರಿನವರು ಅವಳಿಗೆ ಎಲ್ಲ ಹೇಳಿಬಿಟ್ಟಿದ್ದರು. ಮದುವೆಯಿಂದ ತಂದ ಕಜ್ಜಾಯದ ಗಂಟು ನನ್ನ ಕೈಗೆ ಕೊಟ್ಟು, ಕಾಲಿಗೆ ನೀರನ್ನೂ ಹಾಕಿಕೊಳ್ಳದೆ ನೆಟ್ಟಗೆ ಗದ್ದೆಗೆ ಹೋದಳು. ನಾನೂ ಹಿಂದೆ ಹೋದೆ. ಸುಟ್ಟ ಜಾಗದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೂದಿ ಮುಟ್ಟಿ ನೋಡಿದಳು. ನಡೆದದ್ದನ್ನು ನನ್ನ ಬಾಯಿಂದಲೂ ಕೇಳಿದಳು. ಕೇಳುತ್ತಾ ಅವಳ ಮುಖ ಸಣ್ಣಗಾಯಿತು.

"ಊರು ಕೇಳ್ನಿಲ್ವಾ?"

"ಇಲ್ಲ. ಕೇಳುದ್ರೆ ಎದುರ್ಕೊತಾರೆ ಅಂತ."

"ನಾನಾಗಿದ್ರೆ ಕೇಳ್ತಿದ್ದೆ" ಎಂದಳು. ಬೇಲಿಯ ಕಡೆ ಕೈ ತೋರಿಸಿ, "ಆ ಮೂಲೆ ಬೇಲಿ ಯಾರೂ ನೋಡ್ನಿಲ್ವಾ? ಅಲ್ಲಿಂದ್ಲೇ ಬಂದವ್ರೆ" ಎಂದಳು. ಆಮೇಲೆ ಎದ್ದು ಕೈ ಕೊಡವಿಕೊಂಡು, ನನ್ನ ಕಡೆ ನೋಡದೆ, "ಇರ್ಲಿ ಬುಡು. ನಾನಿಲ್ದಿದ್ರೂ ನಡೀತದೆ ಅನ್ನು" ಎಂದಳು.

ರಾತ್ರಿ ಅಕ್ಕ ಊಟ ಸೇರದೆ ಎದ್ದಳು. ಹೊಟ್ಟೆ ಸರಿಯಿಲ್ಲ ಎಂದಳು. ಯಜಮಾನರು ಮದುವೆ ಊಟ ಜಾಸ್ತಿಯಾಗಿರಬೇಕೆಂದು ಓಮಿನ ಕಾಳು ಹುಡುಕಲು ಹೋದರು. ಅವಳಿಗೆ ಆದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ನನ್ನೊಳಗಿದ್ದದ್ದು ಈಗ ಅವಳೊಳಗೆ ಕುಳಿತಿತ್ತು. ಅವಳು ಬಿಟ್ಟ ಮುದ್ದೆಯನ್ನೂ ನಾನೇ ಉಂಡೆ. ಅಷ್ಟು ರುಚಿಯಾಗಿ ಆ ಮನೆಯಲ್ಲಿ ನಾನು ಅದುವರೆಗೆ ಉಂಡಿರಲಿಲ್ಲ.

ಆ ಹುರುಪಿನಲ್ಲೇ ನಾನು ಇನ್ನೊಂದು ಮಾತು ತೆಗೆದೆ. ಜನ ನುಗ್ಗುವುದು ಕಬ್ಬಿನ ಆಸೆಗಿಂತ ದಾರಿಯ ಆಸೆಗೆ. ಕೆರೆ ಏರಿ ಬಳಸಿ ಹೋಗಬೇಕೆಂದರೆ ಬಹಳ ದೂರ. ನಮ್ಮ ಗದ್ದೆಯ ಅಂಚಿನಲ್ಲಿ ಒಬ್ಬರು ಹೊರೆ ಹೊತ್ತು ನಡೆಯುವಷ್ಟು ಅಗಲ ಬಿಟ್ಟು, ಎರಡೂ ಕಡೆ ಮುಳ್ಳು ಕಟ್ಟಿದರೆ ಒಳಗೆ ಬರುವುದೇ ತಪ್ಪುತ್ತದೆ. ಯಾರನ್ನೂ ಕೂಗುವ ಕೆಲಸವಿಲ್ಲ, ಹೆದರುವ ಕೆಲಸವಿಲ್ಲ. ಇದನ್ನು ಜಗಲಿಯ ಮೇಲೆ ಅಕ್ಕನ ಎದುರಿಗೇ ಹೇಳಿದೆ.

ಅಕ್ಕ ಉರಿದೆದ್ದಳು. "ಇವತ್ತು ದಾರಿ ಕೊಟ್ರೆ ನಾಳೆ ನಮ್ದೇ ದಾರಿ ಅಂತಾರೆ. ನಮ್ಮಪ್ಪನ ಭೂಮಿ ಕಣಮ್ಮ ಇದು!"

"ಭೂಮಿ ಬರ್ಕೊಡಿ ಅಂದ್ನಾ ನಾನು? ನಡ್ಯಾಕೆ ಬುಡಿ ಅಂದೆ."

"ನಂಗ್ ಬುದ್ಧಿ ಏಳ್ಕೊಡಾಕ್ ಬಂದ್ಲು ಮದ್ದೂರಿಂದ!"

ಇಬ್ಬರೂ ಜೋರು ಮಾಡಿದೆವು. ಯಜಮಾನರು ಪಂಚೆಯ ತುದಿ ಹಿಡಿದುಕೊಂಡು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದರು. ಹಲವು ದಿನ ಹೀಗೇ ನಡೆಯಿತು. ಕೊನೆಗೆ ಒಂದು ಬೆಳಗ್ಗೆ ಅವರು ಗುದ್ದಲಿ ಹೆಗಲಿಗೆ ಹಾಕಿಕೊಂಡು, "ಬುಡಾವ ಅಕ್ಕ, ಒಂದ್ ವರ್ಸ ನೋಡಾವ" ಎಂದು ಹೇಳಿ ಗದ್ದೆಗೆ ಹೋದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನ ಮಾತು ಹಿಡಿದದ್ದು ಅದೇ ಮೊದಲು. ಅಕ್ಕ ಕಂಬಕ್ಕೆ ಒರಗಿ ಕುಳಿತಳು. ಆಮೇಲೆ ಅವಳೇ ಒಂದು ಕಟ್ಟಳೆ ಹಾಕಿದಳು. ವರ್ಷಕ್ಕೆ ಒಂದು ದಿನ ದಾರಿಗೆ ಅಡ್ಡ ಮುಳ್ಳು ಹಾಕಿ ಮುಚ್ಚಬೇಕು. ಅಂದು ಯಾರನ್ನೂ ಬಿಡಬಾರದು. ಆಗ ದಾರಿ ನಮ್ಮದು, ನಡೆಯಲು ಬಿಟ್ಟವರು ನಾವು ಎಂದು ಊರಿಗೆಲ್ಲ ನೆನಪಿರುತ್ತದೆ. ಅದು ಒಳ್ಳೆಯ ಮಾತು. ಒಳ್ಳೆಯ ಮಾತೆಂದು ನನಗೆ ಅಲ್ಲೇ ಗೊತ್ತಾಯಿತು, ಅದಕ್ಕೇ ಇಷ್ಟವಾಗಲಿಲ್ಲ.

ದಾರಿಯಾಯಿತು. ಬಳೆ ಸಾಬರು ಮಲಾರ ಅಲುಗದಂತೆ ಬಂದುಹೋದರು. ಕೆರಗೋಡಿಗೆ ಹೋಗುವವರು, ಹುಲ್ಲಿನ ಹೊರೆಯವರು, ಎಲ್ಲ ಅದರಲ್ಲೇ. ಕಬ್ಬಿನೊಳಗೆ ಸದ್ದು ಕೇಳುವುದು ಬಹುಪಾಲು ನಿಂತೇಹೋಯಿತು. ನಾನು ಮನೆಯಲ್ಲಿ ಒಲೆ, ಮಕ್ಕಳು, ಬಾಣಂತನ ಎಂದು ಸಿಕ್ಕಿಬಿದ್ದೆ. ಗದ್ದೆಯಲ್ಲಿ ಕೂಗುವ ಕೆಲಸ ತಪ್ಪಿದ ಅಕ್ಕ ಏನು ಮಾಡಿದಳು ಗೊತ್ತೇ? ದಿನಾ ಬೆಳಗ್ಗೆ ದಾರಿಯ ಬಾಯಲ್ಲಿ ಒಂದು ಕಲ್ಲಿನ ಮೇಲೆ ಹೋಗಿ ಕುಳಿತುಕೊಳ್ಳತೊಡಗಿದಳು. ಹೋಗುವವರನ್ನೆಲ್ಲ ಮಾತಾಡಿಸುವುದು, ಬೇಲಿ ಸಡಿಲವಾದಲ್ಲಿ ಮುಳ್ಳು ತುರುಕುವುದು, ಬೀಡಿ ಹಚ್ಚಿದವನನ್ನು ಬೈದು ಆರಿಸುವುದು. ಮುಚ್ಚುವ ದಿನ ಬಂದರೆ ಮುಳ್ಳಿನ ಕಂಟಿ ಅಡ್ಡ ಹಾಕಿ ಅದರ ಪಕ್ಕದಲ್ಲೇ ಸಂಜೆಯವರೆಗೆ ಕೂರುತ್ತಿದ್ದಳು. "ಇವತ್ತು ಬಳ್ಸ್ಕೊಂಡು ಓಗ್ರಪ್ಪ, ನಾಳೆ ಬನ್ನಿ" ಎಂದರೆ ಯಾರೂ ಮುಖ ಗಂಟಿಕ್ಕುತ್ತಿರಲಿಲ್ಲ.

ಹೀಗಿರುವಾಗ ದಾರಿಗೆ ಹೆಸರೊಂದು ಬಂತು. ಯಾರು ಇಟ್ಟರೋ ತಿಳಿಯದು. ಅಕ್ಕನ ಓಣಿ. ಗಾಡಿಯವರ ಬಾಯಲ್ಲಿ ಅದೇ, ಸಂತೆಯವರ ಬಾಯಲ್ಲಿ ಅದೇ. ಯಜಮಾನರಂತೂ, "ಅಕ್ಕನ ಓಣಿ ತಾವ ಎತ್ತು ಕಟ್ಟಿವ್ನಿ" ಎಂದು ಸಹಜವಾಗಿ ಹೇಳುತ್ತಿದ್ದರು. ಓಣಿ ಬೇಡವೆಂದು ಅಕ್ಕ ಜಗಲಿಯ ಮೇಲೆ ಕೂಗಾಡಿದ್ದು ಅವರಿಗೆ ನೆನಪೇ ಇರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಮಂಡಿ ನೋವು ಶುರುವಾಗಿ ಕೆಲವು ದಿನ ಮನೆಯಲ್ಲೇ ಉಳಿದಳು. ಬೇಲಿಗೆ ಮುಳ್ಳು ಕಟ್ಟಲು ನಾನು ಹೋದೆ. ಚಿಕ್ಕರಸಿನಕೆರೆ ಕಡೆಯವನಿರಬೇಕು, ತಲೆಯ ಮೇಲೆ ಮೂಟೆ ಹೊತ್ತ ಒಬ್ಬ ಹೊಸ ಮನುಷ್ಯ ದಾರಿಯ ಬಾಯಲ್ಲಿ ನಿಂತು ಅನುಮಾನದಿಂದ ನೋಡುತ್ತಿದ್ದ.

"ಅಮ್ಮಾ, ಕೆರಗೋಡ್ಗೆ ಅಕ್ಕನ ಓಣೀಲಿ ಓದ್ರೆ ಅತ್ರ ಅಂದ್ರು. ಇದೇನಾ ಅದು?"

ಇದು ಅವಳದಲ್ಲ, ನನ್ನದು ಎಂದು ಬಾಯಿಯ ತುದಿಗೆ ಬಂದಿತ್ತು. ಹಿಡಿದ ಕೈ ಬಿಗಿಯಾಗಿ ಮುಳ್ಳು ಬೆರಳಿಗೆ ಚುಚ್ಚಿತು.

"ಊಂ, ಇದೇ ಕಣಪ್ಪ," ಎಂದೆ. "ನೆಟ್ಗೆ ಓಗು. ಬೇಲಿ ಒಳಿಕ್ಕೆ ಕಾಲಿಡ್ಬ್ಯಾಡ."

ಅವನು ಹೋದ. ನಾನು ಬೆರಳು ಬಾಯಲ್ಲಿಟ್ಟು ರಕ್ತ ಚೀಪಿ, ಉಳಿದ ಮುಳ್ಳು ಕಟ್ಟಲು ಕುಳಿತೆ.